ಕೌಂಟ್ ಬಿದ್ದಾಗ ಫಂಗಸ್ ಬಂದರೆ: ಲ್ಯುಕೇಮಿಯಾ ರೋಗಿಯ ಜೊತೆಗಿರುವವರಿಗೆ

ಕೀಮೋ ಶುರುವಾಗಿ ಎರಡು ವಾರ ಆಗಿದೆ. ಬಿಳಿ ರಕ್ತಕಣಗಳ ಕೌಂಟ್ ನೆಲ ಕಚ್ಚಿದೆ. ಜ್ವರ ಬಂತು, ಆಂಟಿಬಯೋಟಿಕ್ ಹಾಕಿದರು. ಐದು ದಿನವಾದರೂ ಜ್ವರ ಇಳಿದಿಲ್ಲ. ರೌಂಡ್ಸಿಗೆ ಬಂದ ಡಾಕ್ಟರು ಹೇಳುತ್ತಾರೆ: "ಫಂಗಸ್ ಇರಬಹುದು. ಎದೆಯ ಸಿಟಿ ಮಾಡಿಸೋಣ."

ಫಂಗಸ್ ಅಂದರೆ ಗೋಡೆಯ ಬೂಷ್ಟು, ಕಾಲ್ಬೆರಳ ಸಂದಿಯ ತುರಿಕೆ ಅಂತಷ್ಟೇ ತಿಳಿದವರಿಗೆ ಇದು ಸಣ್ಣ ವಿಷಯದ ಹಾಗೆ ಕೇಳಿಸುತ್ತದೆ. ಸಣ್ಣದಲ್ಲ. ಚರ್ಮದ ಮೇಲೆ ಕೂತ ಫಂಗಸ್ ಬೇರೆ. ರಕ್ತಕ್ಕೆ, ಶ್ವಾಸಕೋಶಕ್ಕೆ, ಸೈನಸ್ಸಿಗೆ, ಲಿವರಿಗೆ, ಮಿದುಳಿಗೆ ನುಗ್ಗುವ ಫಂಗಸ್ಸೇ ಬೇರೆ. ಇಲ್ಲಿ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

ಯಾವ ಔಷಧಿ, ಎಷ್ಟು ಡೋಸ್ ಅನ್ನುವುದು ಡಾಕ್ಟರ ತೀರ್ಮಾನ. ಈ ಲೇಖನ ಓದಿ ಯಾರೂ ಮಾತ್ರೆ ಬದಲಾಯಿಸಬಾರದು. ಆದರೆ ಹಗಲು ರಾತ್ರಿ ಪಕ್ಕದಲ್ಲಿ ಇರುವವರಿಗೆ ಮಾತ್ರ ಸಾಧ್ಯವಾಗುವ ಕೆಲಸಗಳು ಸಾಕಷ್ಟಿವೆ. ಅದಕ್ಕೆ ಬೇಕಾಗಿರುವುದು ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್. ಮೊಬೈಲಿನಲ್ಲಿ ಬರೆದರೂ ನಡೆಯುತ್ತದೆ. ನನಗೆ ಕಾಗದವೇ ವಾಸಿ ಅನಿಸುತ್ತದೆ. ಜೊತೆಗಿರುವವರು ಬದಲಾದಾಗ ಅದನ್ನೇ ಮುಂದಿನವರ ಕೈಗೆ ಕೊಟ್ಟು ಹೋಗಬಹುದು, ಅಲ್ವಾ?

1. ಕೌಂಟ್ ಎಷ್ಟು ಅಂತ ಮಾತ್ರವಲ್ಲ, ಎಷ್ಟು ದಿನದಿಂದ ಅಂತಲೂ ಬರೆಯಿರಿ

ಫಂಗಸ್ಸನ್ನು ತಡೆಯುವ ಮುಖ್ಯ ಕಾವಲುಗಾರ ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣ. ರಿಪೋರ್ಟಿನಲ್ಲಿ ಒಟ್ಟು ಬಿಳಿ ಕಣಗಳ ಸಂಖ್ಯೆಯನ್ನು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಲ್ಯುಕೇಮಿಯಾದಲ್ಲಿ ಒಟ್ಟು ಸಂಖ್ಯೆ 50,000 ಇದ್ದರೂ ಅದರಲ್ಲಿ ಬಹುಪಾಲು ಕೆಲಸಕ್ಕೆ ಬಾರದ ಬ್ಲಾಸ್ಟ್ ಕಣಗಳೇ ಇರಬಹುದು. ಎಎನ್‌ಸಿ ಅನ್ನುವ ಅಂಕಿ ನೋಡಿ, ಅದು ನ್ಯೂಟ್ರೋಫಿಲ್ ಕಣಗಳ ಸಂಖ್ಯೆ. ಅದನ್ನು ಕೊಟ್ಟಿರದಿದ್ದರೆ ಲೆಕ್ಕ ಸುಲಭ: ಒಟ್ಟು ಬಿಳಿ ಕಣ 1200, ನ್ಯೂಟ್ರೋಫಿಲ್ ಶೇಕಡಾ 10 ಇದ್ದರೆ ಎಎನ್‌ಸಿ 120.

500ಕ್ಕಿಂತ ಕೆಳಗೆ ಹೋದರೆ ಅಪಾಯ. 100ಕ್ಕಿಂತ ಕೆಳಗೆ ಹೋದರೆ ಇನ್ನೂ ಜಾಸ್ತಿ ಅಪಾಯ. ಆದರೆ ಫಂಗಸ್ ವಿಷಯದಲ್ಲಿ ನಿಜವಾದ ಶತ್ರು ದಿನಗಳು. ಎರಡು ಮೂರು ದಿನ ಕೌಂಟ್ ಬಿದ್ದು ಎದ್ದರೆ ಫಂಗಸ್ಸಿಗೆ ಬೇರೂರಲು ಪುರುಸೊತ್ತು ಸಿಗುವುದಿಲ್ಲ. ಏಳು, ಹತ್ತು ದಿನ ದಾಟಿದರೆ ಸಿಗುತ್ತದೆ. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾದ ಮೊದಲ ಸುತ್ತಿನ ಕೀಮೋದಲ್ಲಿ ಈ ಬರಗಾಲ ಮೂರು ನಾಲ್ಕು ವಾರ ಎಳೆಯುತ್ತದೆ. ಅದಕ್ಕೇ ಅಲ್ಲಿ ಭಯ ಜಾಸ್ತಿ. ದೊಡ್ಡ ಡೋಸಿನ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು, ಕಾಯಿಲೆ ಮರುಕಳಿಸಿದವರು, ಬೇರೆಯವರ ಅಸ್ಥಿಮಜ್ಜೆ ಹಾಕಿಸಿಕೊಂಡವರು ಕೂಡ ಇದೇ ಸಾಲಿನಲ್ಲಿದ್ದಾರೆ.

ಹಾಗಾಗಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಿನಾಂಕ, ಎಎನ್‌ಸಿ, 500ಕ್ಕಿಂತ ಕೆಳಗೆ ಇಳಿದು ಎಷ್ಟನೇ ದಿನ, ಈ ಮೂರನ್ನು ಪ್ರತಿದಿನ ಬರೆಯಿರಿ.

2. ಜ್ವರವನ್ನು ಅಳೆಯದೆ ಮಾತ್ರೆ ಕೊಡಬೇಡಿ

ಒಂದೇ ಒಂದು ಸಲ 101 ಡಿಗ್ರಿ ಫ್ಯಾರನ್‌ಹೀಟ್ ಬಂದರೂ, ಅಥವಾ 100.4 ಬಂದು ಒಂದು ಗಂಟೆ ಹಾಗೇ ನಿಂತರೂ, ಕೌಂಟ್ ಬಿದ್ದವರಲ್ಲಿ ಅದು ತುರ್ತು. ಮನೆಯಲ್ಲಿದ್ದರೆ ತಕ್ಷಣ ಫೋನ್ ಮಾಡಿ, ಹೊರಡಿ. ಬೆಳಗಾಗಲಿ ನೋಡೋಣ ಅನ್ನುವ ಮಾತೇ ಬೇಡ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಮೊದಲ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು. ತುರ್ತು ವಿಭಾಗದಲ್ಲಿ "ಲ್ಯುಕೇಮಿಯಾ, ಕೀಮೋ ಆಗಿ ಇಷ್ಟು ದಿನ, ಎಎನ್‌ಸಿ ಇಷ್ಟು" ಅಂತ ಮೊದಲ ವಾಕ್ಯದಲ್ಲೇ ಹೇಳಿ. "ಜ್ವರ" ಅಂತ ಮಾತ್ರ ಹೇಳಿದರೆ ಸಾಲಿನಲ್ಲಿ ಕೂರಿಸುವ ಸಾಧ್ಯತೆ ಇದೆ.

ಪ್ಯಾರಾಸಿಟಮಾಲ್ ಕೊಟ್ಟು ಆಮೇಲೆ ಅಳೆದರೆ ಸುಳ್ಳು ಸಮಾಧಾನ ಸಿಗುತ್ತದೆ, ಅಷ್ಟೇ. ಮೊದಲು ಅಳೆಯಿರಿ, ಬರೆಯಿರಿ, ಕೇಳಿ, ಆಮೇಲೆ ಕೊಡಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಲೇಬಾರದು. ಅಲ್ಲಿ ಸಣ್ಣ ಗೀರು ಬಿದ್ದರೂ ಸೋಂಕಿಗೆ ಬಾಗಿಲು ತೆರೆದ ಹಾಗೆ.

ಇನ್ನೊಂದು ಮಾತು. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರ ಬಾರದೆಯೂ ಇರಬಹುದು. ಆದ್ದರಿಂದ ಥರ್ಮಾಮೀಟರ್ ಸುಮ್ಮನಿದ್ದರೂ ಇವುಗಳ ಮೇಲೆ ಕಣ್ಣಿಡಿ: ಹೊಸದಾಗಿ ಬಂದ ಒಣ ಕೆಮ್ಮು, ಉಸಿರೆಳೆದಾಗ ಎದೆಯಲ್ಲಿ ಚುಚ್ಚುವ ನೋವು, ಕಫದಲ್ಲಿ ರಕ್ತದ ಗೆರೆ. ಮುಖದ ಒಂದೇ ಬದಿಗೆ ನೋವು ಅಥವಾ ಊತ, ಮೂಗಿನೊಳಗೆ ಅಥವಾ ಬಾಯಿಯ ಅಂಗುಳಿನಲ್ಲಿ ಕಪ್ಪು ಕಲೆ, ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋತು ಬೀಳುವುದು. ಮೈಮೇಲೆ ನೋವಿರುವ ಕೆಂಪು ಅಥವಾ ಕಪ್ಪು ಗಂಟುಗಳು. ಇದ್ದಕ್ಕಿದ್ದ ಹಾಗೆ ಗೊಂದಲ, ಫಿಟ್ಸ್. ಮೂಗು, ಕಣ್ಣು, ಮುಖದ ಲಕ್ಷಣಗಳು ಕಂಡರೆ ಮುಂದಿನ ರೌಂಡ್ಸಿಗೆ ಕಾಯಬೇಡಿ. ಆ ಕ್ಷಣವೇ ನರ್ಸನ್ನು ಕರೆಯಿರಿ.

3. ಪರೀಕ್ಷೆಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ

ಸರಿಯಾದ ಆಂಟಿಬಯೋಟಿಕ್ ಕೊಟ್ಟು ನಾಲ್ಕರಿಂದ ಏಳು ದಿನ ಆದರೂ ಜ್ವರ ಬಿಡದಿದ್ದರೆ ಫಂಗಸ್ ಹುಡುಕಾಟ ಶುರುವಾಗುತ್ತದೆ. ಹೆಚ್ಚಿನ ಮನೆಯವರು ಇಲ್ಲೇ ತಾಳ್ಮೆ ಕಳೆದುಕೊಳ್ಳುತ್ತಾರೆ. "ಇಷ್ಟೆಲ್ಲ ಟೆಸ್ಟ್ ಮಾಡಿದರೂ ಏನು ಅಂತ ಹೇಳುತ್ತಿಲ್ಲ" ಅನ್ನುವ ಸಿಟ್ಟು ಸಹಜ. ಆದರೆ ಈ ಕಾಯಿಲೆಯ ಗುಣವೇ ಹಾಗೆ.

ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯನ್ನೇ ನೋಡಿ. ಅದು ಒಳಗೆ ನುಗ್ಗಿದ ಕ್ಯಾಂಡಿಡಾ ಅನ್ನುವ ಯೀಸ್ಟ್ ಜಾತಿಯ ಫಂಗಸ್ಸನ್ನು ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ಹಿಡಿಯುತ್ತದೆ. ಆಸ್ಪರ್ಜಿಲಸ್ ಅನ್ನುವ ಬೂಷ್ಟು ಅಂತೂ ರಕ್ತದ ಕಲ್ಚರಿನಲ್ಲಿ ಬೆಳೆಯುವುದೇ ಇಲ್ಲ ಅನ್ನಬಹುದು. ಹಾಗಾಗಿ ಕಲ್ಚರ್ ನೆಗೆಟಿವ್ ಅಂದರೆ ಫಂಗಸ್ ಇಲ್ಲ ಅಂತ ಅರ್ಥವಲ್ಲ.

ಎದೆಯ ಸಾಮಾನ್ಯ ಎಕ್ಸ್‌ರೇ ಸಾಲದು. ಶುರುವಿನಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಸಿಟಿ ಬೇಕು. ಅದರಲ್ಲಿ ಒಂದು ಗಂಟು, ಸುತ್ತ ಮಂಜಿನ ಬಳೆಯಂತೆ ಮಸುಕು ಕಂಡರೆ ಅದಕ್ಕೆ ಹ್ಯಾಲೋ ಅನ್ನುತ್ತಾರೆ. ಕೌಂಟ್ ಬಿದ್ದ ರೋಗಿಯಲ್ಲಿ ಇದು ಆಸ್ಪರ್ಜಿಲಸ್ ಕಡೆಗೆ ಬೆರಳು ತೋರಿಸುತ್ತದೆ. ಇದಕ್ಕೆ ತಿರುಗುಮುರುಗಾಗಿ ನಡುವೆ ಮಸುಕು, ಸುತ್ತ ಗಟ್ಟಿ ಉಂಗುರ ಇದ್ದರೆ ಮ್ಯೂಕರ್ ಅನ್ನುವ ಇನ್ನೊಂದು ಬೂಷ್ಟಿನ ಅನುಮಾನ ಬರುತ್ತದೆ.

ಗ್ಯಾಲಕ್ಟೋಮನ್ನನ್ ಅನ್ನುವುದು ಆಸ್ಪರ್ಜಿಲಸ್ಸಿನ ಗೋಡೆಯಿಂದ ಉದುರುವ ಸಕ್ಕರೆ. ಅದನ್ನು ರಕ್ತದಲ್ಲಿ ಅಥವಾ ಶ್ವಾಸಕೋಶ ತೊಳೆದು ತೆಗೆದ ನೀರಿನಲ್ಲಿ ಅಳೆಯುತ್ತಾರೆ. ಆದರೆ ಮುಂಜಾಗ್ರತೆಗೆ ಅಂತ ಬೂಷ್ಟು ತಡೆಯುವ ಮಾತ್ರೆ ಮೊದಲೇ ನಡೆಯುತ್ತಿದ್ದರೆ ರಕ್ತದ ಈ ಪರೀಕ್ಷೆ ಕೈಕೊಡುವುದು ಜಾಸ್ತಿ. ಬೀಟಾ-ಡಿ-ಗ್ಲುಕಾನ್ ಪರೀಕ್ಷೆ ಹಲವು ಫಂಗಸ್‌ಗಳನ್ನು ಒಟ್ಟಿಗೆ ತೋರಿಸುತ್ತದೆ, ಆದರೆ ಮ್ಯೂಕರನ್ನು ತೋರಿಸುವುದಿಲ್ಲ.

ಶ್ವಾಸಕೋಶದೊಳಗೆ ಟ್ಯೂಬ್ ಬಿಟ್ಟು ತೊಳೆಯುವ ಬ್ರಾಂಕೋಸ್ಕೋಪಿಗೆ ಮನೆಯವರು ಹೆದರಿ ಬೇಡ ಅನ್ನುವುದುಂಟು. ಉಸಿರಾಟ ಚೆನ್ನಾಗಿದ್ದರೆ, ಡಾಕ್ಟರು ಮಾಡಬಹುದು ಅಂದರೆ, ಒಪ್ಪುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಫಂಗಸ್ಸಿನ ಹೆಸರು ಗೊತ್ತಾದರೆ ಮುಂದಿನ ಮೂರು ತಿಂಗಳ ಚಿಕಿತ್ಸೆ ಕುರುಡಾಗಿ ನಡೆಯುವುದು ತಪ್ಪುತ್ತದೆ. ತುಂಡು ತೆಗೆದು ನೋಡುವ ಬಯಾಪ್ಸಿ ಎಲ್ಲಕ್ಕಿಂತ ಖಚಿತ. ಆದರೆ ಪ್ಲೇಟ್‌ಲೆಟ್ ಕಮ್ಮಿ ಇರುವವರಲ್ಲಿ ರಕ್ತಸ್ರಾವದ ಭಯ ಇರುವುದರಿಂದ ಬಹಳ ಸಲ ಆಗುವುದಿಲ್ಲ.

ಇದೇ ಕಾರಣಕ್ಕೆ ಡಾಕ್ಟರುಗಳೇ "ಖಚಿತ", "ಬಹುಮಟ್ಟಿಗೆ ಹೌದು", "ಇರಬಹುದು" ಅಂತ ಮೂರು ಮೆಟ್ಟಿಲು ಮಾಡಿಕೊಂಡಿದ್ದಾರೆ. ಮೂರನೇ ಮೆಟ್ಟಿಲಿನಲ್ಲೇ ಔಷಧಿ ಶುರು ಮಾಡುತ್ತಾರೆ. ಖಚಿತ ಆಗುವವರೆಗೆ ಕಾಯುತ್ತಾ ಕೂತರೆ ಕೈ ಮೀರಿರುತ್ತದೆ. ನೀವು ಕೇಳಬೇಕಾದ ಪ್ರಶ್ನೆ ಇದು: "ಈಗ ಯಾವ ಫಂಗಸ್ ಅನುಮಾನ? ಯಾವ ಮೆಟ್ಟಿಲಿನಲ್ಲಿ ಇದ್ದೇವೆ?" ಉತ್ತರವನ್ನು ಬರೆದುಕೊಳ್ಳಿ.

4. ಹೆಸರು ಗೊತ್ತಾದರೆ ಔಷಧಿ ಬದಲಾಗುತ್ತದೆ

ಕ್ಯಾಂಡಿಡಾ ನಮ್ಮ ಕರುಳಲ್ಲೇ ಇರುವ ಯೀಸ್ಟ್. ಕೀಮೋದಿಂದ ಕರುಳಿನ ಒಳಪದರ ಹರಿದಾಗ, ಅಥವಾ ರಕ್ತನಾಳದಲ್ಲಿ ಇಟ್ಟ ಲೈನ್ ಮೂಲಕ, ರಕ್ತಕ್ಕೆ ಇಳಿಯುತ್ತದೆ. ಮೊದಲ ಆಯ್ಕೆ ಕ್ಯಾಸ್ಪೊಫಂಜಿನ್, ಮೈಕಾಫಂಜಿನ್, ಅನಿಡ್ಯುಲಾಫಂಜಿನ್ ಗುಂಪು. ಇವು ಡ್ರಿಪ್ ಮೂಲಕ ಮಾತ್ರ ಕೊಡುವಂಥವು, ಅಡ್ಡಪರಿಣಾಮ ಕಮ್ಮಿ. ಚಿಕಿತ್ಸೆಯ ದಿನಗಳ ಲೆಕ್ಕ ಶುರುವಾಗುವುದು ಔಷಧಿ ಹಾಕಿದ ದಿನದಿಂದ ಅಲ್ಲ, ರಕ್ತದ ಕಲ್ಚರ್ ಮೊದಲ ಸಲ ಶುದ್ಧವಾಗಿ ಬಂದ ದಿನದಿಂದ. ಅಲ್ಲಿಂದ ಕನಿಷ್ಠ 14 ದಿನ. ಆ ದಿನಾಂಕದ ಸುತ್ತ ನೋಟ್‌ಬುಕ್ಕಿನಲ್ಲಿ ಒಂದು ವೃತ್ತ ಹಾಕಿ. ಲೈನ್ ತೆಗೆಯಬೇಕೇ ಅಂತ ಕೇಳಿ. ಲೈನ್ ಒಳಗೋಡೆಗೆ ಅಂಟಿಕೊಂಡ ಕ್ಯಾಂಡಿಡಾಕ್ಕೆ ಔಷಧಿ ಸರಿಯಾಗಿ ತಾಗುವುದಿಲ್ಲ. ಕಣ್ಣಿನ ತಜ್ಞರು ಒಮ್ಮೆ ಕಣ್ಣಿನ ಹಿಂಭಾಗ ನೋಡಬೇಕು. ಕೌಂಟ್ ಏರಿದ ಮೇಲೆ ಆ ವಾರದೊಳಗೆ ಇದು ಆಗಲಿ. ಕೌಂಟ್ ಬಿದ್ದಿರುವಾಗ ಕಣ್ಣಿನ ಗುರುತುಗಳು ಕಾಣದೇ ಇರಬಹುದು.

ಆಸ್ಪರ್ಜಿಲಸ್ ಗಾಳಿಯಿಂದ ಬರುತ್ತದೆ. ಅದರ ಬೀಜಕಣ ಎರಡು ಮೂರು ಮೈಕ್ರಾನ್ ಮಾತ್ರ. ಎಲ್ಲರೂ ದಿನಾ ಉಸಿರಾಡುತ್ತೇವೆ, ನಮಗೆ ಗೊತ್ತೇ ಆಗುವುದಿಲ್ಲ. ಇದಕ್ಕೆ ಮೊದಲ ಸಾಲಿನ ಔಷಧಿ ವೊರಿಕೊನಜೋಲ್ ಅಥವಾ ಐಸಾವುಕೊನಜೋಲ್. ಪೊಸಕೊನಜೋಲ್ ಕೂಡ ಆಗುತ್ತದೆ. 2002ರಲ್ಲಿ ಬಂದ ಒಂದು ಅಧ್ಯಯನದಲ್ಲಿ ವೊರಿಕೊನಜೋಲ್ ಪಡೆದ ಪ್ರತಿ 100ರಲ್ಲಿ ಸುಮಾರು 71 ಜನ ಹನ್ನೆರಡು ವಾರದ ನಂತರ ಬದುಕಿದ್ದರು. ಹಳೆಯ ಆಂಫೊಟೆರಿಸಿನ್ ಪಡೆದವರಲ್ಲಿ 58. ಚಿಕಿತ್ಸೆಯ ದಾರಿ ಬದಲಾಗಿದ್ದು ಅಲ್ಲಿಂದಲೇ.

ಮ್ಯೂಕರ್ ಇವುಗಳಲ್ಲಿ ಅತಿ ಒರಟು. ರಕ್ತನಾಳಗಳನ್ನೇ ಮುಚ್ಚಿ ಅಂಗಾಂಶವನ್ನು ಕಪ್ಪಾಗಿಸಿ ಸಾಯಿಸುತ್ತದೆ. ವೊರಿಕೊನಜೋಲ್ ಇದಕ್ಕೆ ನಾಟುವುದೇ ಇಲ್ಲ, ಮೇಲೆ ಹೇಳಿದ ಫಂಜಿನ್‌ಗಳೂ ಸಾಲವು. ಲೈಪೊಸೋಮಲ್ ಆಂಫೊಟೆರಿಸಿನ್ ಬಿ ಬೇಕು, ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 5ರಿಂದ 10 ಮಿ.ಗ್ರಾಂ. ಜೊತೆಗೆ ಸತ್ತ ಭಾಗವನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಇಲ್ಲಿ ಸರ್ಜನ್ "ಇವತ್ತೇ" ಅಂದರೆ ಇವತ್ತೇ. ರಕ್ತದ ಸಕ್ಕರೆ ಹತೋಟಿಗೆ ತರುವುದು, ಸಾಧ್ಯವಾದರೆ ಸ್ಟೀರಾಯ್ಡ್ ಇಳಿಸುವುದು ಕೂಡ ಚಿಕಿತ್ಸೆಯ ಭಾಗವೇ.

5. ಮಾತ್ರೆ ಕೊಡುವ ಹೊತ್ತು, ಡ್ರಿಪ್ ನಡೆಯುವ ಹೊತ್ತು

ಜೊತೆಗಿರುವವರ ಕೆಲಸ ಅತಿ ಹೆಚ್ಚು ಬೀಳುವುದು ಇಲ್ಲಿ.

ವೊರಿಕೊನಜೋಲ್ ಮಾತ್ರೆಯನ್ನು ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ ಕೊಡಬೇಕು. ಪೊಸಕೊನಜೋಲ್ ಇದಕ್ಕೆ ಉಲ್ಟಾ, ಊಟದ ಜೊತೆಗೇ ಕೊಡಬೇಕು. ಎರಡೂ ಒಂದೇ ಜಾತಿಯ ಔಷಧಿ ಅಂತ ಒಂದೇ ಥರ ಕೊಟ್ಟರೆ ಅರ್ಧ ಔಷಧಿ ರಕ್ತಕ್ಕೆ ಸೇರದೆ ಹೋಗಬಹುದು. ವಾಂತಿ, ಭೇದಿ, ಬಾಯಿಹುಣ್ಣಿನಿಂದ ಊಟ ಸೇರುತ್ತಿಲ್ಲ ಅಂದರೆ ಮುಚ್ಚಿಡದೆ ಹೇಳಿ. ಡ್ರಿಪ್‌ಗೆ ಬದಲಾಯಿಸುವ ದಾರಿ ಇದೆ.

ವೊರಿಕೊನಜೋಲನ್ನು ಕೆಲವರ ಲಿವರ್ ಸರಸರನೆ ಕರಗಿಸಿಬಿಡುತ್ತದೆ, ಕೆಲವರದು ನಿಧಾನ. ಅದು ಹುಟ್ಟಿನಿಂದಲೇ ಬಂದ ವ್ಯತ್ಯಾಸ. ಒಂದೇ ಡೋಸ್ ಒಬ್ಬರಿಗೆ ಸಾಲದು, ಇನ್ನೊಬ್ಬರಿಗೆ ವಿಷ. ಅದಕ್ಕೆ ನಾಲ್ಕೈದು ದಿನ ಆದಮೇಲೆ ರಕ್ತದಲ್ಲಿ ಔಷಧಿಯ ಮಟ್ಟ ನೋಡುತ್ತಾರೆ. ಸಾಮಾನ್ಯವಾಗಿ ಲೀಟರಿಗೆ 1ರಿಂದ 5.5 ಮಿ.ಗ್ರಾಂ ನಡುವೆ ಇರಬೇಕು. ಈ ರಕ್ತ ತೆಗೆಯಬೇಕಾದದ್ದು ಮುಂದಿನ ಡೋಸಿಗೆ ಸ್ವಲ್ಪ ಮುಂಚೆ. ಅಂದರೆ ಆ ಬೆಳಗ್ಗೆ ಅಭ್ಯಾಸಬಲದಿಂದ ಮಾತ್ರೆ ಕೊಟ್ಟುಬಿಟ್ಟರೆ ಪರೀಕ್ಷೆ ದಂಡ. ಹಿಂದಿನ ಡೋಸ್ ಎಷ್ಟು ಗಂಟೆಗೆ ಕೊಟ್ಟಿರಿ, ರಕ್ತ ಎಷ್ಟು ಗಂಟೆಗೆ ತೆಗೆದರು, ಎರಡನ್ನೂ ಬರೆಯಿರಿ.

ಈ ಔಷಧಿ ತೆಗೆದುಕೊಂಡ ಅರ್ಧ ಗಂಟೆಯಲ್ಲಿ ಬೆಳಕು ಮಿನುಗಿದಂತೆ, ಬಣ್ಣ ಬದಲಾದಂತೆ ಕಾಣಬಹುದು. ಹೆದರಬೇಡಿ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಆದರೆ ಇಲ್ಲದ ಜನ ಕಾಣಿಸುತ್ತಾರೆ, ಯಾರೋ ಮಾತಾಡುತ್ತಾರೆ ಅಂದರೆ ಮಟ್ಟ ಜಾಸ್ತಿ ಆಗಿರಬಹುದು, ತಿಳಿಸಿ. ಬಿಸಿಲಿಗೆ ಚರ್ಮ ಸುಟ್ಟ ಹಾಗೆ ಕೆಂಪಾಗುತ್ತದೆ, ಮೈ ಮುಚ್ಚುವ ಬಟ್ಟೆ ಹಾಕಿ. ಕಣ್ಣು ಹಳದಿಯಾದರೆ ಲಿವರ್ ಪರೀಕ್ಷೆ ಆಗಬೇಕು.

ಇನ್ನು ಆಂಫೊಟೆರಿಸಿನ್. ವೆನೆಜುವೆಲಾದ ಒರಿನೊಕೊ ನದಿಯ ಬಳಿಯ ಮಣ್ಣಿನ ಬ್ಯಾಕ್ಟೀರಿಯಾದಿಂದ 1950ರ ದಶಕದಲ್ಲಿ ಸಿಕ್ಕ ಔಷಧಿ ಇದು. ಇಷ್ಟು ವರ್ಷವಾದರೂ ಇದರಷ್ಟು ಅಗಲವಾಗಿ ಫಂಗಸ್‌ಗಳನ್ನು ಹೊಡೆಯುವ ಇನ್ನೊಂದು ಕಷ್ಟ. ಆದರೆ ಸುಲಭದ ಔಷಧಿ ಅಲ್ಲ. ಡ್ರಿಪ್ ಶುರುವಾದ ಮೇಲೆ ನಡುಕ, ಚಳಿಜ್ವರ ಬರಬಹುದು. ಕಿಡ್ನಿಗೆ ಪೆಟ್ಟು ಕೊಡುತ್ತದೆ, ಪೊಟ್ಯಾಸಿಯಂ, ಮೆಗ್ನೀಸಿಯಂ ಸೋರಿಹೋಗುತ್ತವೆ. ಕಾಲು ಸೆಳೆತ, ಎದೆ ಡವಡವ, ಮೂತ್ರ ಕಮ್ಮಿ ಆಗುವುದು ಇವನ್ನು ಆಗಾಗ ನೋಡಿ. ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಮೂತ್ರ ಬಂತು ಅಂತ ಅಳೆದು ಬರೆಯುವುದು ಬೇಜಾರಿನ ಕೆಲಸ ಅನಿಸಬಹುದು. ಕಿಡ್ನಿ ಉಳಿಯುವುದು ಅಂಥ ಬೇಜಾರಿನ ಕೆಲಸಗಳಿಂದಲೇ.

ಇಲ್ಲೊಂದು ದೊಡ್ಡ ಎಚ್ಚರಿಕೆ. ಆಂಫೊಟೆರಿಸಿನ್ ಹೆಸರಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ: ಹಳೆಯ ಡಿಆಕ್ಸಿಕೋಲೇಟ್, ಹೊಸ ಲೈಪೊಸೋಮಲ್. ಹಳೆಯದನ್ನು ದಿನಕ್ಕೆ ಕಿಲೋಗೆ 1.5 ಮಿ.ಗ್ರಾಂ ದಾಟಿ ಕೊಡುವಂತಿಲ್ಲ. ಹೊಸದರ ಡೋಸ್ ಅದರ ಎಷ್ಟೋ ಪಟ್ಟು. ಅದಲು ಬದಲಾದರೆ ಜೀವಕ್ಕೇ ಅಪಾಯ. ಹೊರಗಿನಿಂದ ನೀವೇ ಔಷಧಿ ತರಬೇಕಾಗಿ ಬಂದರೆ ಚೀಟಿಯಲ್ಲಿ "ಲೈಪೊಸೋಮಲ್" ಅಂತ ಪೂರ್ತಿ ಬರೆಸಿಕೊಳ್ಳಿ, ಬಾಟಲಿಯ ಮೇಲೂ ಅದೇ ಪದ ಇದೆಯಾ ಓದಿ. ಇದನ್ನು ಡೆಕ್ಸ್ಟ್ರೋಸ್ ನೀರಿನಲ್ಲಿ ಬೆರೆಸುತ್ತಾರೆ. ಸಲೈನ್ ಉಪ್ಪುನೀರು ತಾಗಿದರೆ ಔಷಧಿ ಒಡೆಯುತ್ತದೆ. ನರ್ಸುಗಳಿಗೆ ಇದೆಲ್ಲ ಗೊತ್ತಿರುತ್ತದೆ. ಆದರೂ ಇನ್ನೊಂದು ಜೊತೆ ಕಣ್ಣು ನೋಡಿದರೆ ನಷ್ಟವಿಲ್ಲ.

6. ಔಷಧಿ ಔಷಧಿಗೆ ಜಗಳ

ವೊರಿಕೊನಜೋಲ್, ಪೊಸಕೊನಜೋಲ್, ಇಟ್ರಾಕೊನಜೋಲ್ ಇವಕ್ಕೆಲ್ಲ ಅಜೋಲ್ ಗುಂಪು ಅನ್ನುತ್ತಾರೆ. ಇವು ಲಿವರಿನಲ್ಲಿ ಬೇರೆ ಔಷಧಿಗಳನ್ನು ಕರಗಿಸುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಪರಿಣಾಮವಾಗಿ ಬೇರೆ ಔಷಧಿ ರಕ್ತದಲ್ಲಿ ಏರುತ್ತಾ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯ ವಿನ್ಕ್ರಿಸ್ಟಿನ್. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲಿ, ಅದರಲ್ಲೂ ಮಕ್ಕಳಲ್ಲಿ, ಇದು ವಾರವಾರ ನಡೆಯುವ ಔಷಧಿ. ಇದರ ಜೊತೆ ಅಜೋಲ್ ಸೇರಿದರೆ ನರಗಳಿಗೆ ವಿಷವಾಗುತ್ತದೆ. ಮೊದಲ ಸೂಚನೆ ಹೆಚ್ಚಾಗಿ ಜೋರು ಮಲಬದ್ಧತೆ, ಹೊಟ್ಟೆ ಉಬ್ಬರ. ಆಮೇಲೆ ದವಡೆ ನೋವು, ಕೈಕಾಲು ಜೋಮು, ಫಿಟ್ಸ್. ಹಾಗಾಗಿ ಇಂಥವರಿಗೆ ಡಾಕ್ಟರು ಹೆಚ್ಚಾಗಿ ಫಂಜಿನ್ ಗುಂಪು ಅಥವಾ ಆಂಫೊಟೆರಿಸಿನ್ ಆರಿಸುತ್ತಾರೆ. ವಿನ್ಕ್ರಿಸ್ಟಿನ್ ದಿನ ಬಂದಾಗ "ಈಗ ಅಜೋಲ್ ನಡೀತಾ ಇದೆ" ಅಂತ ನೀವೇ ಬಾಯಿಬಿಟ್ಟು ನೆನಪಿಸಿ.

ಲ್ಯುಕೇಮಿಯಾಕ್ಕೆ ಕೊಡುವ ವೆನೆಟೊಕ್ಲಾಕ್ಸ್ ಮಾತ್ರೆ ಕೂಡ ಹಾಗೆಯೇ. ಪೊಸಕೊನಜೋಲ್ ಜೊತೆ ಕೊಡುವಾಗ 400 ಮಿ.ಗ್ರಾಂ ಬದಲು 70 ಮಿ.ಗ್ರಾಂಗೆ ಇಳಿಸುತ್ತಾರೆ. ಡೋಸ್ ಕಮ್ಮಿ ಕೊಟ್ಟರು ಅಂತ ಗಾಬರಿ ಬೇಡ, ಅದು ಲೆಕ್ಕ ಹಾಕಿ ಕೊಟ್ಟದ್ದು. ಮುಂದೆ ಪೊಸಕೊನಜೋಲ್ ನಿಲ್ಲಿಸಿದಾಗ ವೆನೆಟೊಕ್ಲಾಕ್ಸ್ ಡೋಸ್ ಮತ್ತೆ ಏರಬೇಕು. ಅದನ್ನು ಮರೆಯುವ ಸಾಧ್ಯತೆ ಇದೆ, ಕೇಳಿ. ಅಸ್ಥಿಮಜ್ಜೆ ಕಸಿಯ ನಂತರ ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವವರಿಗೂ ಇದೇ ಕಥೆ.

ಜಗಳ ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ವೊರಿಕೊನಜೋಲ್ ಮಟ್ಟವನ್ನು ಪಾತಾಳಕ್ಕೆ ತಳ್ಳುತ್ತವೆ. ಆದ್ದರಿಂದ ರೋಗಿ ನುಂಗುವ ಪ್ರತಿಯೊಂದರ ಪಟ್ಟಿ ಇರಲಿ. ಕಷಾಯ, ಚೂರ್ಣ, ವಿಟಮಿನ್, ಯೀಸ್ಟ್ ಇರುವ ಪ್ರೋಬಯೋಟಿಕ್ ಪುಡಿ ಎಲ್ಲವೂ. ಯೀಸ್ಟ್ ಪುಡಿಯನ್ನಂತೂ ಈ ಹೊತ್ತಲ್ಲಿ ಕೊಡಲೇಬೇಡಿ, ಅದೇ ರಕ್ತಕ್ಕೆ ಇಳಿಯಬಹುದು.

7. ಸಿಟಿ ಇನ್ನೂ ಕೆಟ್ಟದಾಗಿ ಕಂಡರೆ

ಔಷಧಿ ಹಾಕಿ ಒಂದು ವಾರಕ್ಕೆ ಮತ್ತೆ ಸಿಟಿ ಮಾಡಿದಾಗ ಗಂಟು ದೊಡ್ಡದಾಗಿ ಕಾಣುವುದುಂಟು. ಮನೆಯವರ ಎದೆ ಧಸಕ್ ಅನ್ನುತ್ತದೆ. ಆಸ್ಪರ್ಜಿಲಸ್ಸಿನಲ್ಲಿ ಮೊದಲ ಏಳು ಹತ್ತು ದಿನ ಗಂಟು ಬೆಳೆಯುವುದು ಔಷಧಿ ಸರಿಯಾಗಿ ಕೆಲಸ ಮಾಡುತ್ತಿದ್ದಾಗಲೂ ಆಗುತ್ತದೆ. ಅದೊಂದನ್ನೇ ನೋಡಿ ಸೋತೆವು ಅಂದುಕೊಳ್ಳಬೇಡಿ. ಜ್ವರ, ಉಸಿರಾಟ, ಆಕ್ಸಿಜನ್, ಗ್ಯಾಲಕ್ಟೋಮನ್ನನ್ ಏನು ಹೇಳುತ್ತಿವೆ ಅಂತ ಕೇಳಿ.

ಔಷಧಿ ಫಂಗಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಗುಡಿಸಿ ಹಾಕುವುದು ಮರಳಿ ಬಂದ ನ್ಯೂಟ್ರೋಫಿಲ್‌ಗಳು. ಹಾಗಾಗಿ ಕೌಂಟ್ ಏರುವುದೇ ಎಲ್ಲರೂ ಕಾಯುವ ದಿನ. ಆದರೆ ಆ ದಿನಗಳಲ್ಲೂ ಎಚ್ಚರ ಬೇಕು. ಕಣಗಳು ಬಂದು ದಾಳಿ ಮಾಡಿದಾಗ ಗಂಟಿನ ನಡುವೆ ಟೊಳ್ಳಾಗಿ, ಸಿಟಿಯಲ್ಲಿ ಅರ್ಧಚಂದ್ರದ ಹಾಗೆ ಗಾಳಿ ಕಾಣುತ್ತದೆ. ಇದು ಒಳ್ಳೆಯ ಗುರುತೇ. ಆದರೂ ಪಕ್ಕದ ರಕ್ತನಾಳ ಒಡೆದು ಕೆಮ್ಮಿನಲ್ಲಿ ರಕ್ತ ಬರುವ ಅಪಾಯ ಇರುವುದೂ ಆಗಲೇ. ಎರಡು ಚಮಚದಷ್ಟು ಬಂದರೂ ಕೂಗಿ ಕರೆಯಿರಿ.

ಕೌಂಟ್ ಏರಿದ ಮೇಲೆ ಮತ್ತೆ ಜ್ವರ ಬಂದು ಬಲ ಪಕ್ಕೆಲುಬಿನ ಕೆಳಗೆ ನೋವು ಶುರುವಾದರೆ ಲಿವರ್, ಗುಲ್ಮದಲ್ಲಿ ಅಡಗಿದ್ದ ಕ್ಯಾಂಡಿಡಾ ಇರಬಹುದು. ಇದರ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ.

8. ಮನೆಗೆ ಹೋದ ಮೇಲೆ, ಮುಂದಿನ ಕೀಮೋಗೆ ಮೊದಲು

ಆಸ್ಪರ್ಜಿಲಸ್ ಚಿಕಿತ್ಸೆ ಕನಿಷ್ಠ 6ರಿಂದ 12 ವಾರ. ಮೂರನೇ ವಾರಕ್ಕೇ ಜ್ವರ ಹೋಗಿ ಹಸಿವು ಬಂದಿರುತ್ತದೆ. "ಇನ್ನು ಯಾಕೆ ಮಾತ್ರೆ?" ಅನಿಸುವುದು ಆಗಲೇ. ಡಾಕ್ಟರು ಸಿಟಿ ನೋಡಿ ಹೇಳುವ ತನಕ ನಿಲ್ಲಿಸಬೇಡಿ. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ತಂದಿಡಿ.

ಮನೆಯಲ್ಲಿ ಗೋಡೆ ಒಡೆಯುವ, ಸುಣ್ಣಬಣ್ಣದ ಕೆಲಸ ಮುಂದೂಡಿ. ಕಟ್ಟಡ ಕೆಲಸದ ಧೂಳಿನಲ್ಲಿ ಬೀಜಕಣ ರಾಶಿ ಇರುತ್ತದೆ. ಅಂಥ ಕಡೆ ಹಾದು ಹೋಗಲೇಬೇಕಾದರೆ ಎನ್95 ಮಾಸ್ಕ್ ಹಾಕಿಸಿ. ಹೂಕುಂಡ, ಗೊಬ್ಬರದ ಗುಂಡಿ, ಪಾರಿವಾಳದ ಹಿಕ್ಕೆ, ಬೂಷ್ಟು ಹಿಡಿದ ಗೋಡೆ ಇವುಗಳಿಂದ ದೂರ. ಬೀಡಿ ಸಿಗರೇಟು ಬೇಡವೇ ಬೇಡ.

ಫಂಗಸ್ ಬಂದು ಹೋದವರಿಗೆ ಮುಂದಿನ ಕೀಮೋ ಅಥವಾ ಅಸ್ಥಿಮಜ್ಜೆ ಕಸಿ ನಿಂತೇ ಹೋಗಬೇಕು ಅಂತೇನಿಲ್ಲ. ಕೌಂಟ್ ಮತ್ತೆ ಬೀಳುವಾಗ ಹಳೆಯ ಫಂಗಸ್ ತಲೆ ಎತ್ತದಂತೆ ತಡೆಯುವ ಔಷಧಿಯನ್ನು ಮುಂದುವರಿಸುತ್ತಾರೆ, ಅಷ್ಟೇ. ಮೊದಲ ಸಲಕ್ಕೂ ತಡೆ ಇದೆ. ಮೈಲಾಯ್ಡ್ ಲ್ಯುಕೇಮಿಯಾ ಮತ್ತು ಅದರ ಹತ್ತಿರದ ಎಂಡಿಎಸ್ ಅನ್ನುವ ಅಸ್ಥಿಮಜ್ಜೆಯ ಕಾಯಿಲೆಯ ರೋಗಿಗಳಲ್ಲಿ ನಡೆದ 2007ರ ಒಂದು ಅಧ್ಯಯನದಲ್ಲಿ ಪೊಸಕೊನಜೋಲ್ ತೆಗೆದುಕೊಂಡವರಲ್ಲಿ ಶೇಕಡಾ 2, ಹಳೆಯ ಅಜೋಲ್ ತೆಗೆದುಕೊಂಡವರಲ್ಲಿ ಶೇಕಡಾ 8 ಮಂದಿಗೆ ಒಳನುಗ್ಗುವ ಫಂಗಸ್ ಬಂತು. ಫ್ಲುಕೊನಜೋಲ್ ಯೀಸ್ಟಿಗೆ ಸರಿ, ಆಸ್ಪರ್ಜಿಲಸ್ಸಿಗೆ ಏನೂ ಮಾಡುವುದಿಲ್ಲ. ತಡೆಗೆ ಅಂತ ಕೊಟ್ಟ ಮಾತ್ರೆ ಯಾವುದು ಅಂತ ಒಮ್ಮೆ ಓದಿ ನೋಡಿ.

ಮುಂದಿನ ಸುತ್ತಿಗೆ ಸೇರುವ ದಿನ ಬೇರೆ ಡಾಕ್ಟರು ಡ್ಯೂಟಿಯಲ್ಲಿ ಇರಬಹುದು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿರಿ: ಯಾವ ಫಂಗಸ್, ಯಾವ ಅಂಗ, ಯಾವ ಔಷಧಿ, ಎಷ್ಟು ವಾರ, ಕೊನೆಯ ಔಷಧಿ ಮಟ್ಟ ಎಷ್ಟು, ಕೊನೆಯ ಸಿಟಿ ಯಾವಾಗ. ಸಿಟಿಯ ಸಿಡಿಯನ್ನೂ ಅದೇ ಪುಟಕ್ಕೆ ಅಂಟಿಸಿ.